ಮಡುವಿಗೆ ಹಾರಿದ ಜೀರುಂಡೆ

ನಂಬುವುದು ಬಿಡುವುದು ನಿಮಗೆ ಸೇರಿದ್ದು, ನಡೆದದ್ದಂತೂ ಹೀಗೆ: ಒಂದು ಜೀರುಂಡೆಯನ್ನು ನೀರಿಗೆ ಮುಟ್ಟಿಸಲು ಮೂವರು ದೊಡ್ಡವರು ಹಗ್ಗ ಹಿಡಿದು ಕಮರಿಗೆ ಇಳಿದರು.

ಮುಂದೆ ಕೀಟ ವಿಜ್ಞಾನಿ ಭಾವ, ಕೊರಳಲ್ಲಿ ಜಾಲರಿ ಡಬ್ಬಿ. ಅವರ ಹಿಂದೆ ಕ್ಯಾಮೆರಾ ಹೊತ್ತ ಅಕ್ಕ. ಕೊನೆಗೆ ಹಗ್ಗದ ಹೊಣೆ ಹೊತ್ತ ಭಾಮೈದ. ಹಕ್ಕಿ, ಬಸ್ಸು, ಭಾವನ ಗೊರಕೆ, ಯಾವುದರ ದನಿಯನ್ನೂ ಅಣಕಿಸದೆ ಬಿಡದ ಆಸಾಮಿ.

ಡಬ್ಬಿಯಲ್ಲಿದ್ದ ಜೀರುಂಡೆಯ ಹೊಟ್ಟೆಯಲ್ಲಿ ಕೂದಲಿನಷ್ಟು ತೆಳ್ಳಗಿನ, ಗೇಣುದ್ದದ ಹುಳವೊಂದು ಪುಕ್ಕಟೆ ಬಿಡಾರ ಹೂಡಿತ್ತು. ನೀರಲ್ಲಿ ಹುಟ್ಟಿ, ಸೊಳ್ಳೆಮರಿಯ ಮೈಯಲ್ಲಿ ಮುದುಡಿ ಮಲಗಿ, ಆ ಸೊಳ್ಳೆಯನ್ನು ತಿಂದ ಜೀರುಂಡೆಯೊಳಗೆ ಸುರುಳಿ ಸುತ್ತಿ ಬೆಳೆದದ್ದು. ಬಾಯಿ ತೆರೆಯದೆ ಚರ್ಮದಿಂದಲೇ ಉಣ್ಣುತ್ತದೆ. ಬಲಿತ ಮೇಲೆ ತವರು ನೆನಪಾಗಿ, ಹೊತ್ತವನನ್ನೇ ನೀರಿಗೆ ಹಾರಿಸುತ್ತದೆ. ಪ್ರಯೋಗಾಲಯದ ತೊಟ್ಟಿಯಲ್ಲಿ ಪ್ರತಿಸಲವೂ ಹುಳ ಗೆದ್ದು ಜೀರುಂಡೆ ಮುಳುಗಿತ್ತು. ಹರಿಯುವ ನೀರಲ್ಲಿ ಜೀರುಂಡೆಯೂ ಬದುಕೀತು ಎಂಬುದು ಭಾವನ ಹಟ. ಹುಳ ಹೊತ್ತ ಜೀರುಂಡೆ ಈ ಬೇಸಿಗೆಯಲ್ಲಿ ಸಿಕ್ಕಿದ್ದು ಇದೊಂದೇ.

ಅರ್ಧ ದಾರಿಯಲ್ಲಿ ಭಾವನ ಕಾಲಡಿಯ ಕಲ್ಲು ಕಿತ್ತುಬಂತು.

ಜಾರಿದರು. ಹಗ್ಗ ಬಿಗಿಯಿತು. ಭಾಮೈದನ ಅಂಗೈ ಉರಿಯಿತು.

“ಭಾವಾ, ಬಂಡೆ ಹಿಡ್ಕೊಳ್ಳಿ!”

“ಎರಡೂ ಕೈ ಡಬ್ಬಿ ಮೇಲಿದೆ ಕಣೋ!”

“ಮದುವೇಲಿ ನನ್ನ ಕೈನೂ ಇಷ್ಟು ಗಟ್ಟಿಯಾಗಿ ಹಿಡೀಲಿಲ್ಲ ಇವ್ರು” ಎನ್ನುತ್ತ ಅಕ್ಕ ಅವರ ಬೆಲ್ಟಿಗೆ ಕೈಹಾಕಿ ಎಳೆದಳು.

ಕಮರಿಯ ತಳದಲ್ಲಿ, ಬೇಸಿಗೆಗೂ ಬತ್ತದ ತೊರೆಯ ಮಡು ಮಲಗಿತ್ತು. ಮೇಲಿನ ಸೀಳಿನಿಂದ ಇಳಿದ ಬಿಸಿಲು ನೀರಿಗೆ ತಗಲಿ, ಪಾಚಿಗಟ್ಟಿದ ಬಂಡೆಗಳ ಮೇಲೆಲ್ಲ ಬೆಳಕಿನ ಬಲೆ ಬೀಸುತ್ತಿತ್ತು. ಭಾವ ಅಂಚಿನ ಕಲ್ಲಿನ ಮೇಲೆ ಜೀರುಂಡೆಯನ್ನು ಬಿಟ್ಟು ಪಕ್ಕದಲ್ಲೇ ಬೋರಲು ಮಲಗಿದರು. ಅದು ಕದಲಲಿಲ್ಲ.

“ಜಾರಿದಾಗ ಪೆಟ್ಟಾಯ್ತೇನೋ ಪಾಪ. ಹುಳ ಸೇರಿದ ಮೇಲೆ ಹಾಡೋದನ್ನೂ ಬಿಟ್ಬಿಡುತ್ತೆ ಇದು.”

ಭಾವನ ಆ ಸಪ್ಪೆ ಮುಖ ಭಾಮೈದನಿಗೆ ನೋಡಲಾಗಲಿಲ್ಲ. ನಗಿಸೋಣವೆಂದು ಬಂಡೆಯ ಮರೆಗೆ ಕೂತು ನಾಲಗೆ ಮಡಿಸಿದ.

“ಕ್ರೀ... ಕ್ರೀ...”

“ಹಾಡ್ತಿದೆ! ಹುಳ ಇಟ್ಕೊಂಡೂ ಹಾಡ್ತಿದೆ!” ಭಾವ ಕಿವಿ ಚಾಚಿದರು, ಇನ್ನೂ ಚಾಚಿದರು, ಧುಡುಂ!

ಭಾಮೈದ ಬಂಡೆಯ ಮರೆಯಿಂದ ಇಣುಕಿದ. ಎಲ್ಲ ಕೆಡಿಸಿಬಿಟ್ಟೆನಲ್ಲ!

ಭಾವ ಕುತ್ತಿಗೆಮಟ್ಟದ ನೀರಿನಲ್ಲಿ ಕಲ್ಲಿನಂತೆ ನಿಂತರು. ಅಲೆ ಅಡಗಿತು. ಜೀರುಂಡೆ ಮೀಸೆ ಆಡಿಸಿತು, ಅಂಚಿಗೆ ಬಂತು, ತಾನಾಗಿ ಹಾರಿತು. ಅದರ ಹಿಂಬದಿಯಿಂದ ಕಪ್ಪು ದಾರವೊಂದು ಹೊರಳುತ್ತ, ಗಂಟಾಗುತ್ತ, ಬಿಚ್ಚಿಕೊಳ್ಳುತ್ತ, ಎಷ್ಟು ಬಂದರೂ ಮುಗಿಯದೆ ಬಂದು ಆಳಕ್ಕೆ ಸರಿಯಿತು.

ಹಗುರಾದ ಜೀರುಂಡೆ ಕಾಲು ಬಡಿಯತೊಡಗಿತು.

“ಎತ್ಕೊಳ್ಳೀಂದ್ರೆ!” ಅಕ್ಕ ಚೀರಿದಳು.

“ಎತ್ತಿದ್ರೆ ಅದು ಬದುಕಿದ್ದಲ್ಲ, ನಾನು ಬದುಕಿಸಿದ್ದು.” ಭಾವ ಕೈ ಎತ್ತಲಿಲ್ಲ.

ಸೆಳವು ಅದನ್ನು ಒಂದು ಸುತ್ತು ತಿರುಗಿಸಿತು. ಅದು ಒದ್ದಾಡಿ, ಈಸಿ, ಕೊನೆಗೆ ಹತ್ತಿದ್ದು ಭಾವನ ಮೂಗಿಗೆ.

“ಬಂಡೆ ಹತ್ತಿತು ಅಂತ ಬರ್ಕೊಳ್ಳಿ” ಎಂದಳು ಅಕ್ಕ, ಕ್ಯಾಮೆರಾ ಇಳಿಸದೆ. “ಅಷ್ಟೇನೂ ಸುಳ್ಳಾಗಲ್ಲ.”

ಮೊಣಕಾಲು ತರಚಿಕೊಂಡು, ಬಟ್ಟೆಯಿಂದ ನೀರು ತೊಟ್ಟಿಕ್ಕಿಸಿಕೊಂಡು ಮೂವರೂ ಕಮರಿಯ ಅಂಚು ತಲುಪಿದರು. ಡಬ್ಬಿಯಲ್ಲಿ ಜೀರುಂಡೆ ಎಲೆ ಮೆಲ್ಲುತ್ತಿತ್ತು.

“ಬದುಕಿತು, ಮೇಲಾಗಿ ಹಾಡಿತು ಕೂಡ! ಎರಡನ್ನೂ ಊರಿಗೆಲ್ಲ ಸಾರ್ತೀನಿ!” ಭಾವ ಕುಣಿಯುವುದೊಂದು ಬಾಕಿ.

ತಪ್ಪೊಪ್ಪಿಕೊಳ್ಳಲೆಂದು ಭಾಮೈದ ಬಾಯಿ ತೆರೆದ. ಹೊರಟಿದ್ದು, “ಕ್ರೀ... ಕ್ರೀ...”

ಭಾವ ಡಬ್ಬಿ ನೋಡಿದರು. ಭಾಮೈದನ ಬಾಯಿ ನೋಡಿದರು.

“ಅಂದ್ರೆ ನನ್ನ ನೀರಿಗೆ ಹಾರಿಸಿದ ಹುಳ ನೀನೇನೋ!”

ಹಾಗೆಂದವರೇ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟರು. ಅಕ್ಕ ತಮ್ಮ ನಕ್ಕು ಸುಸ್ತಾದ ಮೇಲೂ ಕಮರಿಯ ತಳದವರೆಗೆ ಮೊಳಗುತ್ತಿದ್ದದ್ದು ಭಾವನ ನಗುವೊಂದೇ.