ಮಲ್ಲಿಗೆ ಎಲೆಯ ಆ ಮೂಲೆ

"ಟೀಚರ್, ಅಲ್ಲೇನೋ ಬೆಳ್ಳಗೈತ್ರಿ!"

ಲ್ಯಾಪ್‌ಟಾಪಿನತ್ತ ಬೆರಳು ತೋರಿಸಿದ ಗಂಗಾಂಬಿಕಾ ಪರದೆಯತ್ತ ಬಾಗಿದಳು. ಪರದೆಯ ಮೇಲಿದ್ದದ್ದು ಅವಳ ಮನೆ ಹಿತ್ತಲಿನ ಮಲ್ಲಿಗೆ ಎಲೆಯ ಫೋಟೋ. ಎಲೆಗಳು ಮುರುಟುತ್ತಿವೆ, ಹುಳವಿದೆಯೇನೋ ನೋಡು ಎಂದು ಅವ್ವ ಕೊಟ್ಟಿದ್ದಳು. ನಿನ್ನೆ ಶಾಲೆಯ ಮೈಕ್ರೋಸ್ಕೋಪಿನಲ್ಲಿ ನೋಡಿದ ಗಂಗಿ ಮನೆಗೆ ಹೋಗಿ, "ಹುಳ ಗಿಳ ಏನಿಲ್ಲಬೇ, ಕ್ಲೀನ್ ಐತಿ!" ಎಂದು ದೊಡ್ಡ ಡಾಕ್ಟರಂತೆ ಹೇಳಿಬಿಟ್ಟಿದ್ದಳು.

"ನಿನ್ನಿ ಇರಲಿಲ್ರಿ ಟೀಚರ್..."

"ಇತ್ತು ಗಂಗಾ," ಎಂದರು ಪುಷ್ಪಲತಾ ಟೀಚರ್. "ನೀನು ನೋಡಿದ್ದು ಸಾಸಿವಿ ಕಾಳಿನಷ್ಟು ಜಾಗ. ಪವರ್ ಜಾಸ್ತಿ ಇರೋ ಲೆನ್ಸಿನಾಗ ಹುಳ ಕಾಣತೈತಿ, ಆದ್ರ ಎಲಿ ಇಷ್ಟೇ ಇಷ್ಟು ಕಾಣತೈತಿ. ಕಮ್ಮಿ ಪವರಿನಾಗ ಪೂರಾ ಎಲಿ ಕಾಣತೈತಿ, ಹುಳಾನೇ ಕಾಣಂಗಿಲ್ಲ."

ಅದಕ್ಕೇ ಇವತ್ತು ಜಾಸ್ತಿ ಪವರಿನ ಲೆನ್ಸಿನ ಕೆಳಗೆ ಎಲೆಯನ್ನು ಚೂರು ಚೂರೇ ಸರಿಸುತ್ತ ಮೊಬೈಲಿನಲ್ಲಿ ಫೋಟೋ ಹೊಡೆದಿದ್ದರು. ಪ್ರತಿ ಫೋಟೋದಲ್ಲೂ ಹಿಂದಿನ ಫೋಟೋದ ಅಂಚು ಸ್ವಲ್ಪ ಬರಬೇಕು. ಅವ್ವ ಎರಡು ತುಂಡು ಹೂವಿನ ಮಾಲೆ ಜೋಡಿಸುವಾಗ ಕೊನೆಯ ಹೂಗಳ ಮೇಲೇ ದಾರ ಸುತ್ತುತ್ತಾಳಲ್ಲ, ಹಾಗೆ. ಕಂಪ್ಯೂಟರ್ ಅಂಚಿಗೆ ಅಂಚು ಹೊಂದಿಸಿ ಎಲ್ಲವನ್ನೂ ಒಂದೇ ದೊಡ್ಡ ಫೋಟೋ ಮಾಡಿತ್ತು. ಈಗ ಪೂರಾ ಎಲೆಯೂ ಇತ್ತು, ಮೂಲೆಯ ಹುಳವೂ ಇತ್ತು.

ಟೀಚರ್ ಆ ಮೂಲೆಯನ್ನು ಲೆನ್ಸಿನ ಕೆಳಗಿಟ್ಟರು. ಹುಳ ಮೆಲ್ಲಗೆ ಮಿಸುಕಾಡಿತು.

"ನುಸಿ ಇದು. ಗಿಡದಿಂದ ಗಿಡಕ್ಕ ಹೋಗತೈತಿ."

ಗಂಗಿ ಗಡಿಯಾರ ನೋಡಿದಳು. ಇವತ್ತು ದ್ಯಾಮಕ್ಕ ಅದೇ ಗಿಡದ ಕಡ್ಡಿಗಳನ್ನು ನೆಡುವವಳಿದ್ದಳು! ಹಿಂದಿನ ಓಣಿಯ ದ್ಯಾಮಕ್ಕನ ಮಲ್ಲಿಗೆ ದಿನಾ ಹಡಗಲಿ ಪೇಟೆಗೆ ಹೋಗುತ್ತದೆ. "ಗಂಗಿ ನೋಡ್ಯಾಳಂದ್ರ ನಂಗೇನು ಚಿಂತಿ?" ಎಂದು ಬೆಳಿಗ್ಗೆ ನಗುತ್ತಲೇ ಕಡ್ಡಿಯ ಕಟ್ಟು ಒಯ್ದಿದ್ದಳು.

ಬೆಲ್ ಹೊಡೆದದ್ದೇ ತಡ, ಗಂಗಿ ದ್ಯಾಮಕ್ಕನ ತೋಟದತ್ತ ಓಡಿದಳು. ನೆಟ್ಟುಬಿಟ್ಟಿದ್ದರೆ? ಅವಳ ತೋಟಕ್ಕೆಲ್ಲ ನುಸಿ ಹತ್ತಿದರೆ? ಸುಮ್ಮನೆ ಮನೆಗೆ ಹೋಗಿಬಿಡಲೇ ಎಂದೂ ಒಮ್ಮೆ ಅನಿಸಿತು. ಆದರೆ ಕಾಲು ನಿಲ್ಲಲಿಲ್ಲ.

ದ್ಯಾಮಕ್ಕ ಮೊದಲ ಕಡ್ಡಿ ನೆಟ್ಟು ಮಣ್ಣು ಒತ್ತುತ್ತಿದ್ದಳು.

"ನೆಡಬ್ಯಾಡಬೇ ದ್ಯಾಮಕ್ಕ! ಹುಳ ಅದಾವು. ನಾ... ನಾ ಪೂರ್ತಿ ನೋಡಿದ್ದಿಲ್ಲ. ನೋಡೀನಂತ ಹೇಳಿಬಿಟ್ಟೆ."

ದ್ಯಾಮಕ್ಕ ಮುಖ ಗಂಟಿಕ್ಕಿದಳು. ನೆಟ್ಟ ಕಡ್ಡಿಯನ್ನು ಕಿತ್ತು ಕಟ್ಟಿನ ಮೇಲೆ ಒಗೆದಳು. "ಏನ್ ಹುಡುಗಿ ನೀನು! ನಿನ್ನ ಮಾತು ನಂಬಿ ಮಧ್ಯಾಹ್ನದಿಂದ ಕುಣಿ ತೋಡೀನಿ!"

ಗಂಗಿಯ ಕಣ್ಣು ತುಂಬಿ ಬಂತು.

ದ್ಯಾಮಕ್ಕ ಕೈಯ ಮಣ್ಣು ಒರೆಸಿಕೊಂಡಳು. ಪಕ್ಕದಲ್ಲಿದ್ದ ತನ್ನ ಹಳೆಯ ಗಿಡದ ಒಂದು ಎಲೆ ಕಿತ್ತು ಚಾಚಿದಳು. "ಇದನ್ನ ನೋಡು. ನನ್ನ ಗಿಡಕ್ಕೇನಾಗಿಲ್ಲಲ್ಲ?"

ಎಲೆ ಹಸಿರಾಗಿ ಹೊಳೆಯುತ್ತಿತ್ತು. "ಏನಿಲ್ಲ" ಎಂಬ ಮಾತು ಗಂಗಿಯ ನಾಲಿಗೆ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡು ಎಲೆಯನ್ನು ಮಗುಚಿದಳು.

"ಒಂದು ಬಾಜು ಅಷ್ಟೇ ನೋಡೀನಿಬೇ. ಬರೇ ಕಣ್ಣಿಗೆ ಹುಳ ಕಾಣಂಗಿಲ್ಲ, ನಾಳಿ ಶಾಲ್ಯಾಗ ಪೂರಾ ನೋಡಿ ಹೇಳತೀನಿ, ತಡಿ."

"ಆತು, ನೋಡು," ಎಂದು ದ್ಯಾಮಕ್ಕ ಖಾಲಿ ಕುಣಿಯ ಪಕ್ಕದಲ್ಲೇ ಕುಳಿತಳು.