ಮೊದಲನೇ ಗೆರೆ

"ಮೂರು ಹೆಸರು ಬರೀಬೇಕು. ಮೂರೇ! ನಾಲ್ಕನೆಯವರಿಗೆ ಜಾಗ ಇಲ್ಲ."

ಮೇಜಿನ ಮೇಲೆ ಹಾಳೆಯಿಟ್ಟು ಶೇಷಪ್ಪ ಹೇಳಿದ. ಹೂವಮ್ಮ ತಲೆಯೆತ್ತಲಿಲ್ಲ.

ಎತ್ತುವುದಾದರೂ ಹೇಗೆ? ವಾರದ ಹಿಂದಷ್ಟೇ ಎರಡೂ ಮನೆಯವರು ವೀಳ್ಯ ಬದಲಾಯಿಸಿಕೊಂಡಿದ್ದರು. ಅವಳು ರಜೆ ಮುಗಿಸಿ ಬಂದು ಇಬ್ಬರೂ ಎದುರುಬದುರಾದದ್ದು ಇದೇ ಮೊದಲು. ಎಂಟು ತಿಂಗಳು ಒಂದೇ ಕೋಣೆಯಲ್ಲಿ ಕೂತು ಹರಟಿದವಳಿಗೆ ಈಗ ನಾಲಿಗೆಯೇ ಹೊರಳದು!

ಅರವತ್ನಾಲ್ಕನೇ ಇಸವಿ. ಸಾಗರದ ಹೊರಗಿನ ಆ ಹೆಂಚಿನ ಕಾರ್ಖಾನೆಯಲ್ಲಿ ಹೂವಮ್ಮ ಹಾಜರಿ ಬರೆಯುವವಳು. ಹೊಸನಗರದ ಶೇಷಪ್ಪ ಸಹಾಯಕ ಮೇಲ್ವಿಚಾರಕ. ಆಡಳಿತಶಾಸ್ತ್ರದ ಹುಚ್ಚು ಹಿಡಿದು, ಮೈಸೂರಿನ ಪ್ರೊಫೆಸರೊಬ್ಬರಿಂದ ಹೊಸದೊಂದು ವಿದ್ಯೆ ಕಲಿಯುತ್ತಿದ್ದ. ಒಬ್ಬೊಬ್ಬರಿಗೂ ಒಂದೊಂದು ಸೊನ್ನೆ. ಯಾರು ಯಾರನ್ನು ನಂಬುತ್ತಾರೋ ಅವರತ್ತ ಒಂದು ಬಾಣ. ಹೆಚ್ಚು ಬಾಣ ಬಿದ್ದವರೇ ಕಾರ್ಖಾನೆಯ ನಿಜವಾದ ಯಜಮಾನರು! ಪಾಪ, ಮನ್ಮಥನ ಹತ್ತಿರ ಇದ್ದದ್ದು ಐದೇ ಬಾಣ. ಶೇಷಪ್ಪನ ಬತ್ತಳಿಕೆಯಲ್ಲಿ ಮುನ್ನೂರು.

ಮ್ಯಾನೇಜರ್ ಮಂಜುನಾಥಪ್ಪ ಅವನು ಬರೆದ ಮಾದರಿ ಚಿತ್ರ ನೋಡಿ ಮೂಗಿನಲ್ಲೇ ಗುಡುಗಿದ್ದರು. "ಏನ್ರೀ ಇದು? ಹೆಂಚಿನ ಕಾರ್ಖಾನೆನೋ, ಜಾತಕದ ಅಂಗಡಿನೋ?" ಹೂವಮ್ಮ ಅದನ್ನೇ ಮೂಗು ಹಿಡಿದು ಅಣಕಿಸಿ ತೋರಿಸಿದ್ದಳು. ಶೇಷಪ್ಪ ನಕ್ಕು ನಕ್ಕು ಮಸಿ ಕುಡಿಕೆ ಉರುಳಿಸಿದ್ದ. ಅವಳ ಎದೆಯಲ್ಲೂ ಏನೋ ಉರುಳಿದ್ದು ಅಂದೇ...

ಹಾಳೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಕಷ್ಟ ಬಂದಾಗ ಯಾರ ಹತ್ತಿರ ಹೇಳಿಕೊಳ್ಳುತ್ತೀರಿ? ಕೆಳಗೆ ಮೂರು ಗೆರೆ.

ಓದು ಬಾರದ ಹೆಂಗಸರಿಗೆಲ್ಲ ಹೂವಮ್ಮನೇ ಬರೆದುಕೊಡಬೇಕಾಯಿತು. ಮೊದಲು ಬಂದವಳು ಮಣ್ಣು ತುಳಿಯುವ ಕನ್ನಮ್ಮ.

"ಮೊದಲ್ನೇ ಗೆರೆ ಹಂಗೇ ಬಿಡು ಮಗಾ. ಅದು ನಮ್ಮನೆಯವ್ರದ್ದು. ಎರಡ್ನೇದಕ್ಕೆ ನಿನ್ನ ಹೆಸ್ರು ಹಾಕು."

"ಹೆಸರು ಹೇಳು ಕನ್ನಮ್ಮಕ್ಕ, ನಾನೇ ಬರೀತೀನಿ."

"ಥೂ! ಗಂಡನ ಹೆಸ್ರು ಬಾಯಲ್ಲಿ ತಂದ್ರೆ ಅವ್ರ ಆಯುಷ್ಯಕ್ಕೆ ಕೇಡು. ಮೂವತ್ತು ವರ್ಷ 'ಏನೂಂದ್ರೆ' ಅಂತ್ಲೇ ಕೂಗಿದೀನಿ."

ನಿಜ. ಅವಳು "ಏನೂಂದ್ರೆ" ಅಂದರೆ ಭಟ್ಟಿಯ ಹತ್ತಿರ ಹತ್ತು ಗಂಡಸರು ಒಟ್ಟಿಗೇ ತಿರುಗುತ್ತಿದ್ದರು!

ಕನ್ನಮ್ಮನ ಹಿಂದೆಯೇ ಬಂದ ಹೆಂಡಂದಿರೆಲ್ಲ ಮೊದಲ ಗೆರೆ ಖಾಲಿ ಬಿಡಿಸಿದರು. ಕೊನೆಗೆ ಹೂವಮ್ಮ ತನ್ನ ಹಾಳೆ ಎಳೆದುಕೊಂಡಳು. ಸೀಸದಕಡ್ಡಿ ಮೊದಲ ಗೆರೆಯ ಮೇಲಿಟ್ಟಳು.

'ವೀಳ್ಯ ಆದ ಮೇಲೆ ಇನ್ನೇನು... ನನಗೂ ಅವರೇ ತಾನೇ?'

ಖಾಲಿ ಬಿಟ್ಟಳು. ಎರಡನೆಯದರಲ್ಲಿ ಕನ್ನಮ್ಮ, ಮೂರನೆಯದರಲ್ಲಿ ಅಪ್ಪ. ಮಡಿಸಿ ಕೊಟ್ಟಾಗ ಕೆನ್ನೆ ಬಿಸಿಯಾಗಿತ್ತು. ಅವರಿಗೆ ತಿಳಿಯದೇ ಇದ್ದೀತೇ?

ತಿಳಿಯಲಿಲ್ಲ.

ನಾಲ್ಕನೇ ದಿನ ಅವಳ ಅಪ್ಪ ಗಿರಿಯಪ್ಪನಿಗೆ ಕಾಗದ ಬಂತು. 'ಈ ಸಂಬಂಧ ಮುಂದುವರಿಸುವುದು ಬೇಡ. ತಪ್ಪೆಲ್ಲ ನನ್ನದು. ಕ್ಷಮಿಸಿ.' ಅಷ್ಟೇ. ಶೇಷಪ್ಪ ಕೆಲಸ ಬಿಟ್ಟು ಮೈಸೂರಿನ ಬಸ್ಸು ಹತ್ತಿದ್ದ.

ಗಿರಿಯಪ್ಪ ಹೊಸನಗರಕ್ಕೆ ಹೋಗಿ ಬಂದ. ಹುಡುಗನ ತಾಯಿ ಅತ್ತಳೇ ಹೊರತು ಕಾರಣ ಅವಳಿಗೂ ಗೊತ್ತಿರಲಿಲ್ಲ. ಕಾರ್ಖಾನೆಯಲ್ಲಿ ಪಿಸುಮಾತು ಶುರುವಾಯಿತು. 'ಹುಡುಗೀಲಿ ಏನೋ ಐಬು ಇರ್ಬೇಕು...'

ಹೂವಮ್ಮ ಕೆಲಸ ಬಿಟ್ಟಳು. ಅಪ್ಪ ಊಟ ಬಿಟ್ಟ. ಎರಡನೇ ಮಳೆಗಾಲದಲ್ಲಿ ಉಸಿರನ್ನೂ ಬಿಟ್ಟ. ಕೊನೆಯ ದಿನ ಅವಳ ಕೈ ಹಿಡಿದು, "ಹುಡುಗ ಕೆಟ್ಟೋನಲ್ಲ ಮಗಾ... ಎಲ್ಲೋ ಏನೋ ತಪ್ಪಾಗಿದೆ" ಅಂದಿದ್ದ.

ತೀರ್ಥಹಳ್ಳಿಯ ಅಣ್ಣನ ಮನೆ ಸೇರಿ ಹೂವಮ್ಮ ಹೊಲಿಗೆ ಕಲಿಸತೊಡಗಿದಳು. ಬಂದ ಎರಡು ಗಂಡುಗಳಿಗೂ 'ಒಲ್ಲೆ' ಅಂದಳು. ಅತ್ತಿಗೆ ಶೇಷಪ್ಪನ ಹೆಸರು ಹಿಡಿದು ಶಪಿಸುತ್ತಿದ್ದಳು. ಹೂವಮ್ಮನೂ ಶಪಿಸಿದಳು, ಆದರೆ ಒಂದು ಸಲವೂ ಹೆಸರು ಹಿಡಿಯಲಿಲ್ಲ.

ಶೇಷಪ್ಪ ಹೋಗಿ ಮೂರು ವರ್ಷವಾಗಿತ್ತು. ಒಂದು ಮಧ್ಯಾಹ್ನ, ಕಲಿಯುವ ಹುಡುಗಿಯರು ಊಟಕ್ಕೆ ಹೋದ ಹೊತ್ತು. ಹೊಲಿಗೆ ಮಿಷನ್ನಿನ ಮೇಲೆ ನೆರಳು ಬಿತ್ತು.

"ಕನ್ನಮ್ಮ ವಿಳಾಸ ಕೊಟ್ಲು..."

ಆ ದನಿ! ಕಾಲು ತುಳಿಯುವುದನ್ನು ಮರೆಯಿತು. ಬಡವಾಗಿದ್ದ. ಕೈಯಲ್ಲಿ ಮಡಿಕೆ ಹರಿದ ಒಂದು ಹಾಳೆ.

"ಯಾಕೆ ಬಂದ್ರಿ?"

"ಅವತ್ತು ಎಲ್ಲರ ಹಾಳೆಗಿಂತ ಮೊದಲು ನಿನ್ನದನ್ನೇ ಹುಡುಕಿದೆ. ಮೊದಲ ಗೆರೆ ಖಾಲಿ. ನನ್ನ ಹೆಸರು ಮೂರನೆಯದರಲ್ಲೂ ಇರಲಿಲ್ಲ. ಹಿರಿಯರ ಬಲವಂತಕ್ಕೆ ಒಪ್ಪಿದೀಯ ಅಂದ್ಕೊಂಡೆ. ನಿನಗೆ ಕೆಟ್ಟ ಹೆಸರು ಬರಬಾರದು ಅಂತ ತಪ್ಪು ನನ್ನ ಮೇಲೆ ಹಾಕ್ಕೊಂಡು ಹೋದೆ. ಆ ಹಾಳೆಗಳ ಗಂಟು ಮತ್ತೆ ಬಿಚ್ಚಲೇ ಇಲ್ಲ."

"ಮತ್ತೆ ಈಗ?"

"ಹೋದ ತಿಂಗಳು ಪ್ರೊಫೆಸರೇ ಬಿಚ್ಚಿಸಿ ಚಿತ್ರ ಬರೆಸಿದ್ರು." ಅವನು ಪ್ರೊಫೆಸರ ದನಿಯಲ್ಲಿ ಹೇಳಹೋದ. "'ಏನಯ್ಯಾ, ಇಪ್ಪತ್ಮೂರು ಜೋಡಿ ಇದ್ದಾರೆ. ಒಬ್ಬ ಹೆಂಡತಿಯಿಂದಲೂ ಗಂಡನ ಕಡೆಗೆ ಬಾಣ ಇಲ್ವಲ್ಲಯ್ಯಾ?' ನಾನು ನಕ್ಕೆ. 'ಸಾರ್, ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳಲ್ಲ. ಅದಕ್ಕೇ ಮೊದಲ ಗೆರೆ ಖಾಲಿ' ಅಂದೆ. ಅಂದವನು..."

ಅಣಕದ ದನಿ ಒಡೆಯಿತು.

"ಅಂದವನು ಅಲ್ಲೇ ಕೂತುಬಿಟ್ಟೆ, ಹೂವಮ್ಮ."

ಅವಳ ಕಣ್ಣು ಉರಿಯಿತು. ಮೂರು ವರ್ಷ! ಒಂದು ಮಾತು ಕೇಳಿದ್ದರೆ ಸಾಕಿತ್ತು. ಒಂದೇ ಒಂದು ಮಾತು!

"ಊರಿನವರ ಮನಸ್ಸೆಲ್ಲ ಬಾಣ ಬಿಟ್ಟು ಅಳೆದ್ರಿ. ನನ್ನನ್ನ ಬಾಯಿಬಿಟ್ಟು ಕೇಳಕ್ಕೆ ಆಗ್ಲಿಲ್ವಾ? ಅಪ್ಪ ಸಾಯೋವರೆಗೂ 'ಏನು ತಪ್ಪಾಯ್ತು' ಅಂತ್ಲೇ ಕೇಳ್ತಿದ್ದ. ಅವನಿಗೆ ಯಾರು ಹೇಳ್ತಾರೆ ಈಗ?"

ಶೇಷಪ್ಪ ತಲೆ ತಗ್ಗಿಸಿ ನಿಂತ. ಮೆಲ್ಲಗೆ ಹೇಳಿದ.

"ಕ್ಷಮಿಸು ಅನ್ನೋ ಯೋಗ್ಯತೆ ನನಗಿಲ್ಲ. ನಾನು ನಿನಗೆ ಈಗ ಯಾರೂ ಅಲ್ಲ ಅನ್ನೋದಾದ್ರೆ ನನ್ನ ಹೆಸರು ಹಿಡಿದು 'ಹೋಗು' ಅನ್ನು. ಮತ್ತೆ ಈ ಹೊಸಿಲು ತುಳಿಯಲ್ಲ."

ಹೂವಮ್ಮ ಎದ್ದು ನಿಂತಳು. ಹೇಳಿಬಿಡಬೇಕು! ಹೇಳಿ ಬಾಗಿಲು ಹಾಕಿಬಿಡಬೇಕು!

ತುಟಿ ತೆರೆಯಿತು. ಮೊದಲ ಅಕ್ಷರಕ್ಕೇ ನಾಲಿಗೆ ನಿಂತಿತು. ಮೂರು ವರ್ಷ ತಡೆದ ಅಳು ಒಮ್ಮೆಲೇ ನುಗ್ಗಿತು.

ಅವನು ಹತ್ತಿರ ಬರಲಿಲ್ಲ. ಹೋಗಲೂ ಇಲ್ಲ. ಕಾದ.

ಸೆರಗಿನಲ್ಲಿ ಮುಖ ಒರೆಸಿಕೊಂಡು ಅವಳು ಒಳಮನೆಯ ಕಡೆ ತಿರುಗಿದಳು. ಅಲ್ಲಿ ಗೋಡೆಯ ಮೇಲೆ ಅಪ್ಪನ ಪಟ.

"ಮೊದ್ಲು ಅಪ್ಪನಿಗೆ ಕೈಮುಗೀರಿ. ಏನು ತಪ್ಪಾಯ್ತು ಅಂತ ನೀವೇ ಹೇಳಿ."

"ಆಮೇಲೆ?"

ಅವಳು ಬೆನ್ನು ತಿರುಗಿಸಿಕೊಂಡೇ, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಅಂದಳು.

"ಏನೂಂದ್ರೆ... ಊಟ ಆಗಿದೆಯಾ?"