ಕ್ಲಚ್ ಇಲ್ಲದ ವ್ಯಾನು

"ಡೀಸೆಲ್ ಗಾಡಿ ಒಳಗೆ ಬಿಡಲ್ಲ ಮೇಡಂ. ಇವತ್ತಿಂದ ಎಲೆಕ್ಟ್ರಿಕ್ ಮಾತ್ರ!"

ಹುಳಿಮಾವಿನ ಕಂಪನಿಯೊಂದರ ಗೇಟಿನಲ್ಲಿ ಕಾವಲುಗಾರನ ಮಾತಿಗೆ ವಾರಿಜಾ ಕಲ್ಲಾಗಿ ನಿಂತಳು. ವ್ಯಾನಿನಲ್ಲಿ ಆರುನೂರು ಹೋಳಿಗೆ. ತ್ಯಾಗರಾಜನಗರದ ಅವಳ ಮನೆಯಲ್ಲಿ ನಾಲ್ವರು ಹೆಂಗಸರು ನಸುಕಿನಿಂದ ತಟ್ಟಿದ್ದು. ಈ ಕ್ಯಾಂಟೀನ್ ಆರ್ಡರ್ ತಪ್ಪಿದರೆ ಅವರಲ್ಲಿ ಇಬ್ಬರನ್ನು ಕೆಲಸದಿಂದ ಬಿಡಿಸಬೇಕಾಗುತ್ತಿತ್ತು.

ಸ್ಟೀರಿಂಗ್ ಹಿಡಿದಿದ್ದ ಸಿದ್ದಾರೂಢ ತಲೆ ಎತ್ತಲಿಲ್ಲ. ಮೂರು ವರ್ಷದಿಂದ ಅವನ ಗಾಡಿಯಲ್ಲೇ ಅವಳ ಹೋಳಿಗೆ ಊರು ಸುತ್ತುತ್ತಿತ್ತು.

ಕಂಪನಿಯವರು ಆರು ತಿಂಗಳ ಮುಂಚೆಯೇ ಹೇಳಿದ್ದರು. ಎಲೆಕ್ಟ್ರಿಕ್ ವ್ಯಾನ್ ಕೊಳ್ಳಲು ಹೊರಟಿದ್ದ ವಾರಿಜಾ, ಗಾಡಿ ಬಲ್ಲವನೆಂದು ಇವನನ್ನೇ ಓಡಿಸಿ ನೋಡಲು ಕಳಿಸಿದ್ದಳು.

"ಲೋಡ್ ಹಾಕಿದ್ರ ಏರು ಹತ್ತಂಗಿಲ್ರೀ ಮೇಡಂ. ಅರ್ಧಕ್ಕ ನಿಂತುಬಿಡ್ತು," ಎಂದಿದ್ದ ಅವನು. ಅವಳು ನಂಬಿ, ಕೊಳ್ಳುವುದನ್ನೇ ಕೈಬಿಟ್ಟಿದ್ದಳು; ಕಂಪನಿಯವರೂ ಇಷ್ಟು ಬಿಗಿ ಹಿಡಿಯಲಾರರು ಎಂದುಕೊಂಡಿದ್ದಳು.

ಈಗ ಅದೇ ಗೇಟಿಗೆ ಸಿದ್ದಾಪುರದ ಮೊಟ್ಟೆ ಸಪ್ಲೈಯರ್ ಶಶಿಧರ್ ಸದ್ದಿಲ್ಲದೆ ತನ್ನ ಎಲೆಕ್ಟ್ರಿಕ್ ವ್ಯಾನ್ ತಂದು ನಿಲ್ಲಿಸಿದ.

"ಏನಕ್ಕ, ಇನ್ನೂ ಡೀಸೆಲ್ಲಾ?"

"ಇದು ಏರು ಹತ್ತಲ್ವಂತಲ್ಲ ಶಶಿಧರ್..."

ಅವನು ಜೋರಾಗಿ ನಕ್ಕ. "ಯಾರ್ ಹೇಳಿದ್ದು? ಅವತ್ತು ನಾನೂ ಜೊತೇಲಿದ್ದೆ. ಹತ್ತು ಮೂಟೆ ಸಕ್ಕರೆ ಹಾಕ್ಕೊಂಡು ಬನಶಂಕರಿ ಏರು ಸಲೀಸಾಗಿ ಹತ್ತಿಸಿದ್ದು ಈ ಸಿದ್ದಾರೂಢನೇ! ಅದನ್ನ ನೋಡೇ ನಾನು ತಗೊಂಡಿದ್ದು."

ವಾರಿಜಾ ಸಿದ್ದಾರೂಢನ ಮುಖ ನೋಡಿದಳು. ಆ ಮುಖವೇ ಎಲ್ಲವನ್ನೂ ಒಪ್ಪಿಕೊಂಡಿತ್ತು!

ಶಶಿಧರ್ ತನ್ನ ವ್ಯಾನಿನಲ್ಲಿ ಹೋಳಿಗೆ ಒಳಗೆ ಒಯ್ದ. ಇದೇ ಕೊನೆಯ ಆರ್ಡರ್ ಎಂದು ಕ್ಯಾಂಟೀನ್ ಮ್ಯಾನೇಜರ್ ಮಧುಮತಿ ಹೇಳಿ ಕಳಿಸಿದರು.

"ಯಾಕೆ ಸಿದ್ದಾರೂಢ?" ಅವಳು ವ್ಯಾನಿನ ಕಿಟಕಿಯ ಬಳಿ ಬಂದಳು. "ನಿಮ್ಮ ಬಾಡಿಗೆ ಹೋಗುತ್ತೆ ಅಂತಾನಾ?"

"ಬಾಡಿಗಿ ಮಾತಲ್ರೀ... 'ಎಲೆಕ್ಟ್ರಿಕ್ ವ್ಯಾನಿಗೆ ಕ್ಲಚ್ ಇಲ್ವಾ, ಹಾಗಾದ್ರೆ ನಾನೇ ಓಡಿಸ್ತೀನಿ' ಅಂತ ಎಷ್ಟು ಖುಷಿಯಿಂದ ಅಂದ್ರಿ ಅವತ್ತು! ನೀವೇ ಓಡಿಸಿದ್ರ ನಾ ಯಾಕ ಬೇಕು? ಮುಂಜಾನೆ ನಿಮ್ಮ ಜೋಡಿ ಮಾತಾಡೋ ಆ ಒಂದು ತಾಸು... ನಂಗ ಅದೇ ಜೀವ ಇತ್ರೀ. ಹೆದರಿ ಸುಳ್ಳು ಹೇಳೀನಿ."

ಎಷ್ಟೋ ದಿನದಿಂದ ಅವಳು ಒಳಗೊಳಗೇ ಕಾದಿದ್ದ ಮಾತು! ಬರುವಾಗ ಹೀಗೆ ಬರಬೇಕೇ?

"ಇದನ್ನ ಪ್ರೀತಿ ಅಂತೀರಾ? ನಾನು ಯಾವತ್ತೂ ನಿಮ್ಮನ್ನೇ ನೆಚ್ಚಿಕೊಂಡಿರ್ಲಿ ಅಂತ ನನ್ನ ಕೆಲಸಕ್ಕೇ ಕಲ್ಲು ಹಾಕಿದ್ರಲ್ಲ! ನಾಳೆಯಿಂದ ಬರಬೇಡಿ."

ಆಟೋ ಹತ್ತಿದಳು. ಬೇರೆ ಯಾರಾದರೂ ಆಗಿದ್ದರೆ ಬೈದು ಮರೆಯಬಹುದಿತ್ತು. ಆದರೆ ಇವನು... ಹೋಳಿಗೆ ಮುರಿದೀತೆಂದು ರಸ್ತೆಯ ಪ್ರತಿ ಉಬ್ಬಿಗೂ ನಿಧಾನ ಮಾಡುತ್ತಿದ್ದವನು!

ಮೂರನೆಯ ದಿನ ಮಧುಮತಿಯ ಫೋನ್ ಬಂತು.

"ನಿಮ್ ಡ್ರೈವರ್ ಬಂದಿದ್ರು. ತಪ್ಪು ನಂದು, ಮೇಡಂಗೆ ಶಿಕ್ಷೆ ಬೇಡ ಅಂತ ಬರೆದುಕೊಟ್ಟು ಹೋದ್ರು. ಇಪ್ಪತ್ತು ದಿನ ಟೈಮ್ ಕೊಡ್ತೀನಿ, ಗಾಡಿ ತಗೊಳ್ಳಿ."

ವಾರಿಜಾ ಅವನಿಗೆ ಫೋನ್ ಮಾಡಲಿಲ್ಲ. ತಪ್ಪು ಒಪ್ಪಿಕೊಂಡ ಮಾತ್ರಕ್ಕೆ ಗಾಯ ಮಾಯುತ್ತದೆಯೇ? ವ್ಯಾನ್ ಕೊಂಡಳು. ಎಂದೋ ಮಾಡಿಸಿದ ಲೈಸೆನ್ಸ್ ಇತ್ತು; ಜೆ.ಪಿ. ನಗರದ ಖಾಲಿ ರಸ್ತೆಗಳಲ್ಲಿ ಓಡಿಸುವುದನ್ನು ಮತ್ತೆ ಕಲಿತಳು. ಗಡುವಿಗೆ ಒಂದು ದಿನ ಮೊದಲೇ ಹೋಳಿಗೆ ಕ್ಯಾಂಟೀನಿಗೆ ತಲುಪಿಸಿ, ಬರುವಾಗ ಬಿಟಿಎಂನಲ್ಲಿ ಅವನ ಬಾಡಿಗೆ ಮನೆಯ ಮುಂದೆ ನಿಲ್ಲಿಸಿದಳು.

ತನ್ನ ಗಾಡಿ ತೊಳೆಯುತ್ತಿದ್ದ ಸಿದ್ದಾರೂಢನಿಗೆ ಸದ್ದೇ ಕೇಳಿಸಲಿಲ್ಲ.

"ರೀ..."

ತಿರುಗಿದವನ ಕಣ್ಣು ತುಂಬಿತು. "ನೀವೇ ಓಡಿಸಾಕತ್ತೀರಿ!"

"ಹೂಂ. ನನಗೀಗ ಡ್ರೈವರ್ ಬೇಕಾಗಿಲ್ಲ."

"ಗೊತ್ತೈತ್ರೀ," ಅವನು ತಲೆ ತಗ್ಗಿಸಿದ.

"ಬೇಕಾಗಿಲ್ಲ... ಆದ್ರೂ ದಾರಿಯುದ್ದಕ್ಕೂ ನಿಮ್ಮ ಜೊತೆ ಜಗಳ ಆಡ್ತಾನೇ ಬರ್ತೀನಿ. ಒಬ್ಬಳೇ! ಹುಚ್ಚಿ ಥರ!"

"ಕ್ಷಮಿಸೀರೇನ್ರೀ?"

"ಇನ್ನೂ ಇಲ್ಲ. ಅಷ್ಟು ಸುಲಭಕ್ಕೆ ಆಗಲ್ಲ." ಅವಳು ಕಣ್ಣೊರೆಸಿಕೊಂಡಳು. "ಭಾನುವಾರ ಮನೆಗೆ ಬನ್ನಿ. ಅಪ್ಪನ ಹತ್ರ ಮಾತಾಡಿ."

ಅವನ ಕೈಯ ಪೈಪು ಕೆಳಗೆ ಬಿತ್ತು. "ಏ... ಏನಂತ ಹೇಳ್ಲಿ?"

"ನಿಜ ಹೇಳಿ. ನಿಮ್ಮ ಮಗಳನ್ನ ಕಳ್ಕೋತೀನಿ ಅಂತ ಹೆದರಿ ಸುಳ್ಳು ಹೇಳಿದೆ ಅಂತ."

"ಅಪ್ಪಾರು ಹೊಡೆದ್ರ?"

"ಹೊಡೀಲಿ. ಅವರದ್ದು ಮುಗಿದ ಮೇಲೆ ನಂದೂ ಒಂದಿದೆ..." ಎಂದು ಅವಳು ಅಳುತ್ತಲೇ ನಕ್ಕಳು. "ತಪ್ಪದೇ ಬನ್ನಿ."